ಸಾಲ ಅಪ್ಪನ ಹೆಸರಲ್ಲಿ, ಕಂತು ನಿಮ್ಮದು, ತಪ್ಪು ಬ್ಯಾಂಕಿನದು

‘ಕಟ್ಟೋದು ನಾನು ಸಾರ್. ಲೆಕ್ಕ ಕೇಳಿದ್ರೆ ಮಾತ್ರ ನಿಮಗೆ ಹೇಳೋಕಾಗಲ್ಲ ಅಂತಾರೆ.’

ಸಾಲದ ಕಾಗದಪತ್ರ ನೋಡಿಕೊಡುವ ನನ್ನಂಥವರ ಬಳಿ ಬರುವವರ ಬಾಯಲ್ಲಿ ಈ ಮಾತು ಕೇಳುತ್ತಲೇ ಇರುತ್ತೇನೆ. ಊರಿನ ಮನೆಗೆ ಅಪ್ಪನ ಹೆಸರಲ್ಲಿ ಸಾಲ, ಕಂತು ಬೆಂಗಳೂರಿನ ಮಗನ ಸಂಬಳದಿಂದ. ಟೆಂಪೊ ಅಣ್ಣನ ಹೆಸರಲ್ಲಿ, ಓಡಿಸೋದೂ ಕಟ್ಟೋದೂ ತಮ್ಮ. ಗಂಡ ದುಬೈನಲ್ಲಿ, ಸಾಲ ಅವರದು, ಬ್ಯಾಂಕಿಗೆ ಅಲೆಯೋದು ಹೆಂಡತಿ. ನಮ್ಮ ಮನೆಗಳಲ್ಲಿ ಇದೆಲ್ಲ ಮಾಮೂಲು. ಲೆಕ್ಕದಲ್ಲಿ ತಪ್ಪು ಕಂಡಾಗಲೇ ಪೇಚಾಟ ಶುರು.

ಕೌಂಟರಿನವರು ಬಾಯಿ ಬಿಡದಿದ್ದರೆ ಅದು ಸೊಕ್ಕಲ್ಲ. ಗ್ರಾಹಕರ ಖಾತೆಯ ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡುವಂತಿಲ್ಲ, ಹೆತ್ತ ಮಗನಿಗೂ. ಕಂತು ಯಾರ ಜೇಬಿನಿಂದ ಬಂತು ಅನ್ನೋದು ಅವರ ದಾಖಲೆಗೆ ಬೇಕಿಲ್ಲ. ಸಾಲಗಾರ ಯಾರೋ ಅವರೇ ಕೇಳಬೇಕು, ಇಲ್ಲವೇ ನಿಮಗೆ ಕೇಳುವ ಅಧಿಕಾರ ಬರೆದುಕೊಡಬೇಕು.

ಅದಕ್ಕೂ ಮೊದಲು ಮಂಜೂರಾತಿ ಪತ್ರ ತೆಗೆದು ಓದಿ. ಗೃಹ ಸಾಲ ಕೊಡುವಾಗ ಹೆಂಡತಿಯನ್ನೋ ಮಗನನ್ನೋ ಸಹ ಸಾಲಗಾರರಾಗಿ ಸೇರಿಸಿಕೊಳ್ಳುವುದು ಸಾಮಾನ್ಯ. ಹತ್ತಾರು ಕಡೆ ಸಹಿ ಹಾಕಿಸಿರುತ್ತಾರೆ, ಯಾವುದಕ್ಕೆ ಅಂತ ಯಾರಿಗೆ ನೆನಪಿರುತ್ತೆ? ನಿಮ್ಮ ಹೆಸರು ಅಲ್ಲಿದ್ದರೆ ನೀವೇ ದೂರು ಕೊಡಬಹುದು. ಬರೀ ಜಾಮೀನುದಾರರಾಗಿದ್ದರೆ ವಿಷಯ ಬೇರೆ. ಕಂತು ತಪ್ಪಿದರೆ ನಿಮ್ಮನ್ನೂ ಹಿಡಿಯುತ್ತಾರೆ, ಆದರೆ ಖಾತೆ ಮಾತ್ರ ನಿಮ್ಮದಲ್ಲ.

ನಾನು ನೋಡಿದ ಒಂದು ಕೇಸು ಹೇಳುತ್ತೇನೆ. ಅಪ್ಪ ನಿವೃತ್ತ ಮೇಷ್ಟ್ರು. ಸಾಲ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲಿ. ಬೋನಸ್ ಬಂದಾಗ ಮಗ 3 ಲಕ್ಷ ರೂಪಾಯಿಯನ್ನು ತನ್ನ ಖಾತೆಯಿಂದ ನೇರವಾಗಿ ಸಾಲದ ಖಾತೆಗೆ ಹಾಕಿದರು. ಅಸಲು ಇಳಿದಿರುತ್ತೆ ಅಂತ ನೆಮ್ಮದಿಯಾಗಿದ್ದರು. ಏಳು ತಿಂಗಳಾದ ಮೇಲೆ ಸ್ಟೇಟ್‌ಮೆಂಟ್ ತೆಗೆಸಿದರೆ ಅಸಲು ಹಳೇ ಲೆಕ್ಕದಲ್ಲೇ ತೆವಳುತ್ತಿದೆ! ಆ 3 ಲಕ್ಷ ಕೊನೆಯ ಪುಟದಲ್ಲಿ, ಹೆಚ್ಚುವರಿ ಜಮೆ ಅನ್ನುವ ಕಡೆ ಸುಮ್ನೆ ಕೂತಿದೆ. ಶೇ 9ರ ಬಡ್ಡಿಯಲ್ಲಿ 3 ಲಕ್ಷಕ್ಕೆ ತಿಂಗಳಿಗೆ 2,250 ರೂಪಾಯಿ. ಏಳು ತಿಂಗಳಿಗೆ 15,750. ಮಗ ಕಸ್ಟಮರ್ ಕೇರ್‌ಗೆ ಹತ್ತಾರು ಮೇಲ್ ಕಳಿಸಿದ್ದರು, ಎಲ್ಲವೂ ತನ್ನ ಐಡಿಯಿಂದ. ಒಂದಕ್ಕೂ ಸರಿಯಾದ ಉತ್ತರವಿಲ್ಲ.

ಪುಣ್ಯಕ್ಕೆ, ದುಡ್ಡು ಹಾಕಿದ ದಿನವೇ ಮೇಷ್ಟ್ರು ಶಾಖೆಗೆ ಹೋಗಿ, ಪಾರ್ಟ್ ಪೇಮೆಂಟ್ (ಅಸಲಿನ ಒಂದು ಭಾಗವನ್ನು ಮೊದಲೇ ಕಟ್ಟುವ) ಫಾರಂಗೆ ಸಹಿ ಹಾಕಿ, ಸೀಲು ತಾರೀಕು ಹಾಕಿಸಿಕೊಂಡ ಪ್ರತಿಯನ್ನು ಮನೆಯಲ್ಲಿ ಇಟ್ಟಿದ್ದರು. ಹಳೇ ಕಾಲದವರ ಈ ಅಭ್ಯಾಸಕ್ಕೆ ಕೈ ಮುಗಿಯಬೇಕು. ಅದನ್ನು ಲಗತ್ತಿಸಿ ಅಪ್ಪನ ಕಡೆಯಿಂದ ಒಂದು ಪತ್ರ ಬರೆಸಿದೆ:

‘ನಾನು ಈ ಸಾಲ ಖಾತೆಯ ಸಾಲಗಾರ. ಇಂಥ ತಾರೀಕು ನನ್ನ ಸಾಲಕ್ಕೆ ಜಮೆಯಾದ 3,00,000 ರೂಪಾಯಿಯನ್ನು ಅದೇ ತಾರೀಕಿನಿಂದ ಅಸಲಿಗೆ ವಜಾ ಮಾಡಿ, ಜಾಸ್ತಿ ಹಿಡಿದ ಬಡ್ಡಿಯನ್ನು ವಾಪಸ್ ಜಮೆ ಮಾಡಿ, ತಿದ್ದಿದ ಸ್ಟೇಟ್‌ಮೆಂಟ್ ಕೊಡಿ. ಈ ವಿಷಯದಲ್ಲಿ ನನ್ನ ಮಗನಿಗೆ ಮಾಹಿತಿ ಕೊಡಲು ಮತ್ತು ಅವನೊಂದಿಗೆ ಪತ್ರ ವ್ಯವಹಾರ ನಡೆಸಲು ನನ್ನ ಒಪ್ಪಿಗೆ ಇದೆ.’

ಇಷ್ಟೇ. ‘ಅದೇ ತಾರೀಕಿನಿಂದ’ ಅನ್ನೋದು ಇಲ್ಲಿ ಜೀವಾಳ. ಅದು ಇಲ್ಲದಿದ್ದರೆ ಇವತ್ತಿನಿಂದ ವಜಾ ಮಾಡಿ, ಸರಿಪಡಿಸಿದ್ದೇವೆ ಅಂತ ಉತ್ತರ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಏಳು ತಿಂಗಳ ಬಡ್ಡಿ ಹೋದಂತೆಯೇ. ದುಡ್ಡು ಮಗನದು, ಎಷ್ಟು ಕಷ್ಟಪಟ್ಟು ಕಟ್ಟಿದ್ದು ಅನ್ನುವ ಕಥೆಯೆಲ್ಲ ಬೇಡ. ಅದು ಓದುವವರ ದಾರಿ ತಪ್ಪಿಸುತ್ತೆ ಅಷ್ಟೆ.

ಪತ್ರವನ್ನು ಸಾಲಗಾರರ ನೋಂದಾಯಿತ ಇಮೇಲ್‌ನಿಂದಲೇ ಕಳಿಸಿ, ಒಂದು ಪ್ರತಿ ಶಾಖೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಪ್ಪನ ಹಳೇ ಸಿಮ್ ಬಂದ್ ಆಗಿ ವರ್ಷವಾಗಿರುತ್ತೆ, ಓಟಿಪಿ ಎಲ್ಲ ಅದಕ್ಕೇ ಹೋಗುತ್ತಿರುತ್ತೆ. ಮೊದಲು ಆ ನಂಬರ್ ಬದಲಾಯಿಸಿ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ‘ಅವರು ಸರಿಮಾಡೋವರೆಗೂ ಕಂತು ಕಟ್ಟಲ್ಲ’ ಅನ್ನುವ ಹಟ ಬೇಡ. ನಿಮ್ಮದೇ ಸಾಲವಾದರೆ ಹಟದ ಬೆಲೆ ನೀವೇ ತೆರುತ್ತೀರಿ. ಇಲ್ಲಿ ಸಿಬಿಲ್ (ಸಾಲ ಸರಿಯಾಗಿ ಕಟ್ಟುತ್ತಾರಾ ಅನ್ನುವ ಅಂಕ) ಕೆಡೋದು ಅಪ್ಪನದು, ರಿಕವರಿಯವರು ಬಾಗಿಲು ತಟ್ಟೋದು ಅಮ್ಮ ಒಬ್ಬರೇ ಇರುವ ಮನೆಯದು. ‘ತಕರಾರು ಉಳಿಸಿಕೊಂಡು ಕಟ್ಟುತ್ತಿದ್ದೇನೆ’ ಅಂತ ಒಂದು ಸಾಲು ಬರೆದು ಕಂತು ಕಟ್ಟುತ್ತಾ ಹೋಗಿ.

ಬಡ್ಡಿ ದರದ ದೂರುಗಳೂ ಈಗ ಜಾಸ್ತಿ. 2025ರ ಶುರುವಿನಲ್ಲಿ ಶೇ 6.5 ಇದ್ದ ರೆಪೊ ದರ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಡಿಸೆಂಬರ್ ಹೊತ್ತಿಗೆ ಶೇ 5.25ಕ್ಕೆ ಇಳಿಯಿತು, ನಮ್ಮ ಸಾಲದ ಬಡ್ಡಿ ಮಾತ್ರ ಇಳಿದಿಲ್ಲ ಅನ್ನುತ್ತಾರೆ. ಎಲ್ಲ ಸಲವೂ ಅದು ತಪ್ಪಲ್ಲ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕೊಟ್ಟ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಗೃಹ ಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿರುತ್ತವೆ, ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಪರಿಷ್ಕರಣೆ ಆಗಬೇಕು. ಅದಕ್ಕಿಂತ ಹಳೇ ಸಾಲಗಳಿಗೂ ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೂ ಆ ನಿಯಮ ಹಾಗೇ ಅನ್ವಯಿಸದು. ಸಾಲ ಶುರುವಾದಾಗಿನಿಂದ ದರ ಯಾವಾಗ ಎಷ್ಟಾಯಿತು ಅನ್ನುವ ಪಟ್ಟಿ ಕೇಳಿ ಪಡೆದು, ಆಮೇಲೆ ಜಗಳಕ್ಕೆ ಇಳಿಯಿರಿ.

ಲಿಖಿತ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಹಾರಿಕೆಯದಾಗಿದ್ದರೆ, ಮುಂದಿನ ಮೆಟ್ಟಿಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ. ಶುಲ್ಕವಿಲ್ಲ. ಸಹಾಯವಾಣಿ 14448. ಸಾಲಗಾರರು ಬರೆದುಕೊಟ್ಟರೆ ಮಗ, ಸೊಸೆ, ಅಳಿಯ ಯಾರು ಬೇಕಾದರೂ ಅವರ ಪರವಾಗಿ ದೂರು ನಡೆಸಬಹುದು. ವಕೀಲರು ಮಾತ್ರ ಪ್ರತಿನಿಧಿಯಾಗುವಂತಿಲ್ಲ! ಅದೇ ವಿಷಯ ಕೋರ್ಟಿನಲ್ಲೋ ಗ್ರಾಹಕರ ಆಯೋಗದಲ್ಲೋ ಇದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ಎಲ್ಲಿಗೆ ಹೋಗಬೇಕು ಅನ್ನೋದನ್ನು ಮೊದಲೇ ತೀರ್ಮಾನಿಸಿ.

ಇಲ್ಲಿ ಬಹಳ ಜನ ಎಡವುತ್ತಾರೆ. ಮೇಷ್ಟ್ರ ಸಾಲದಂತೆ ಹೌಸಿಂಗ್ ಫೈನಾನ್ಸ್ ಕಂಪನಿಯದಾದರೆ ಈ ಒಂಬುಡ್ಸ್‌ಮನ್ ನೋಡುವುದಿಲ್ಲ, ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ‘ಗ್ರಿಡ್ಸ್’ ಪೋರ್ಟಲ್‌ಗೆ ಹೋಗಬೇಕು. ಊರಿನ ಸೊಸೈಟಿಯ ಸಾಲವಾದರೆ ಸಹಕಾರ ಇಲಾಖೆ. ಮೇಷ್ಟ್ರ ವಿಷಯದಲ್ಲಿ ಗ್ರಿಡ್ಸ್‌ನಲ್ಲಿ ದೂರು ದಾಖಲಾದ ಮೇಲೇ ಕಂಪನಿಯ ಕಡೆಯಿಂದ ಫೋನ್ ಬಂತು, ಅದೂ ಮಗನ ನಂಬರಿಗೆ.

ಲೆಕ್ಕ ತಿದ್ದಿದ ಮೇಲೆ ಸಿಬಿಲ್ ವರದಿ ತೆಗೆದು ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ತಪ್ಪಿದ್ದರೆ ತಕರಾರು ಸಾಲಗಾರರ ಹೆಸರಲ್ಲೇ ಹೋಗಬೇಕು. ತಕರಾರು ಕೊಟ್ಟು 30 ದಿನ ದಾಟಿದರೂ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಇದೆ. ನೀವು ಸಹ ಸಾಲಗಾರರಾಗಿದ್ದರೆ ಅದೇ ತಪ್ಪು ನಿಮ್ಮ ವರದಿಯಲ್ಲೂ ಇರುತ್ತೆ. ಅದಕ್ಕೆ ಬೇರೆ ತಕರಾರು.

ಸಾಲಗಾರ ವಿದೇಶದಲ್ಲಿದ್ದರೆ ಪತ್ರ ಸಾಲದು, ಈ ಸಾಲದ ಮಟ್ಟಿಗೆ ಒಂದು ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಬೇಕಾಗುತ್ತೆ. ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಿದ್ದಕ್ಕೆ ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಸಾಲಗಾರ ತೀರಿಕೊಂಡರೆ ಆ ಕ್ಷಣಕ್ಕೇ ಅಧಿಕಾರ ಪತ್ರವೂ ಮುಗಿಯಿತು. ಅದನ್ನೇ ಹಿಡಿದು ಬ್ಯಾಂಕಿಗೆ ಹೋಗಬೇಡಿ. ಮರಣ ಪತ್ರ, ವಂಶವೃಕ್ಷದ ಜೊತೆ ವಾರಸುದಾರರಾಗಿ ಹೋಗಿ. ಸಾಲಕ್ಕೆ ವಿಮೆ ಮಾಡಿಸಿದ್ದರಾ ಅಂತ ಮೊದಲು ಕೇಳಿ. ಪ್ರೀಮಿಯಂ ಸಾಲದ ಮೊತ್ತದಲ್ಲೇ ಸೇರಿಹೋಗಿ, ಮನೆಯವರಿಗೆ ಗೊತ್ತೇ ಇಲ್ಲದ ಕೇಸುಗಳಿವೆ. ಸಹ ಸಾಲಗಾರರೋ ಜಾಮೀನುದಾರರೋ ಅಲ್ಲದ ವಾರಸುದಾರರ ಹೊಣೆ ಅವರಿಗೆ ಬಂದ ಆಸ್ತಿಯಷ್ಟಕ್ಕೆ ಮಾತ್ರ. ಸಾಲ ತೀರಿದ 30 ದಿನದೊಳಗೆ ಆಸ್ತಿಯ ಮೂಲ ಪತ್ರಗಳು ವಾಪಸ್ ಬರಬೇಕು. 2023ರ ಡಿಸೆಂಬರ್ 1ರಿಂದ, ಸಾಲ ಕೊಟ್ಟವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ವಾರಸುದಾರರಿಗೆ ಪತ್ರ ಕೊಡುವ ಕ್ರಮವನ್ನು ಬ್ಯಾಂಕುಗಳು ಮೊದಲೇ ಬರೆದು ವೆಬ್‌ಸೈಟ್‌ನಲ್ಲಿ ಹಾಕಿರಬೇಕು, ಅದನ್ನು ಪ್ರಿಂಟ್ ಹಾಕಿಸಿಕೊಂಡೇ ಶಾಖೆಗೆ ಹೋಗಿ.