ಮಾಸ್ಟೊಡಾನ್‌ನಲ್ಲಿ ಯಾವ ಸರ್ವರ್ ಸೇರುವುದು? ನಾನು ಎಡವಿದ ಜಾಗ

ಮಾಸ್ಟೊಡಾನ್ ಅಂದರೆ ಬರಹ, ಫೋಟೊ ಹಂಚಿಕೊಳ್ಳುವ ಒಂದು ಸಾಮಾಜಿಕ ಜಾಲತಾಣ, 2016ರಲ್ಲಿ ಶುರುವಾದದ್ದು. ಅದಕ್ಕೆ ಒಬ್ಬ ಮಾಲೀಕ ಇಲ್ಲ. ಬೇರೆ ಬೇರೆಯವರು ನಡೆಸುವ ಸಾವಿರಾರು ಸರ್ವರ್‌ಗಳು (ನಮ್ಮ ಖಾತೆಗಳು ಇರುವ ಕಂಪ್ಯೂಟರ್‌ಗಳು) ಆಕ್ಟಿವಿಟಿಪಬ್ ಎಂಬ ಒಂದೇ ಪದ್ಧತಿಯಲ್ಲಿ ಮಾತಾಡಿಕೊಳ್ಳುತ್ತವೆ. ಬೇಲೂರಿನ ಮಂಜ, ಮೂಡಿಗೆರೆಯ ಮಂಜ ಅನ್ನುತ್ತೇವಲ್ಲ, ಹಾಗೆ ಇಲ್ಲಿ ಹೆಸರಿನ ಜೊತೆ ಸರ್ವರ್ ಹೆಸರೂ ಸೇರಿದರೇ ಪೂರ್ತಿ ವಿಳಾಸ.

ಎಲ್ಲವೂ ಒಂದಕ್ಕೊಂದು ಸೇರಿಕೊಂಡಿವೆ ಅಂದ ಮೇಲೆ ಯಾವುದಕ್ಕೆ ಸೇರಿದರೇನು? ನಾನು ಎಡವಿದ್ದು ಇಲ್ಲೇ.

ಹೂಮಳೆ ಬಿದ್ದು ಒಂಬತ್ತನೇ ದಿನಕ್ಕೆ ಚಿಕ್ಕಮಗಳೂರಿನ ನಮ್ಮ ಕಾಫಿ ತೋಟ ಹೂವಿನಿಂದ ಬೆಳ್ಳಗಾಗಿತ್ತು. ಒಂದು ರೆಂಬೆಯ ಫೋಟೊ ತೆಗೆದು #ಕಾಫಿಹೂ ಟ್ಯಾಗ್ ಹಾಕಿ ಪೋಸ್ಟ್ ಮಾಡಿದೆ. ಹಾಸನದ ಗೆಳತಿ ಇರುವುದು ಬೇರೆ ಸರ್ವರ್‌ನಲ್ಲಿ. "ಆ ಟ್ಯಾಗ್ ಒತ್ತಿದರೆ ಏನೂ ಬರಲ್ಲ ಕಣೇ" ಅಂದಳು. ಪೋಸ್ಟ್ ಎಲ್ಲರಿಗೂ ಕಾಣುವಂತೆಯೇ ಇತ್ತು. ಸೆಟ್ಟಿಂಗ್ಸ್ ಎಲ್ಲ ತಡಕಾಡಿದೆ. ತಪ್ಪು ಅಲ್ಲಿರಲಿಲ್ಲ.

ಹಳ್ಳಿಗೆ ಪೇಪರ್ ಬರುವುದನ್ನು ನೆನಪಿಸಿಕೊಳ್ಳಿ. ಊರಿನಲ್ಲಿ ಒಬ್ಬರಾದರೂ ಚಂದಾ ಕಟ್ಟಿದ್ದರೆ ಬೆಳಗಿನ ಬಸ್ಸಿನಿಂದ ಪೇಪರ್ ಇಳಿಯುತ್ತದೆ. ಆಮೇಲೆ ಅಂಗಡಿ ಜಗಲಿಯಲ್ಲಿ ಕೂತು ಊರೆಲ್ಲ ಓದಬಹುದು. ಯಾರೂ ಕಟ್ಟದಿದ್ದರೆ ಬಸ್ಸು ಸುಮ್ನೆ ಮುಂದೆ ಹೋಗುತ್ತದೆ. ಸರ್ವರ್‌ಗಳೂ ಹೀಗೇ. ಅವಳ ಸರ್ವರ್‌ನಲ್ಲಿ ಯಾರಾದರೂ ನನ್ನನ್ನು ಫಾಲೋ ಮಾಡುತ್ತಿರಬೇಕು, ಇಲ್ಲವೇ ಅಲ್ಲಿನವರು ಫಾಲೋ ಮಾಡುವ ಒಬ್ಬರು ನನ್ನ ಪೋಸ್ಟನ್ನು ಬೂಸ್ಟ್ ಮಾಡಬೇಕು, ಅಂದರೆ ತಮ್ಮ ಫಾಲೋವರ್‌ಗಳಿಗೆ ಮತ್ತೆ ಹಂಚಬೇಕು. ಸಾಮಾನ್ಯವಾಗಿ ಆಗಲೇ ಅದು ತಾನಾಗಿ ಅಲ್ಲಿಗೆ ತಲುಪುವುದು. ಹುಡುಕಿದಾಗ ಸಿಗುವುದು ಇಡೀ ಮಾಸ್ಟೊಡಾನ್ ಅಲ್ಲ, ನಿಮ್ಮ ಸರ್ವರ್‌ಗೆ ಬಂದು ಬಿದ್ದಿರುವಷ್ಟು ಮಾತ್ರ.

ನನ್ನ ಪೂರ್ತಿ ವಿಳಾಸವನ್ನು ಹುಡುಕುವ ಜಾಗದಲ್ಲಿ ಹಾಕಿ ಅವಳು ಫಾಲೋ ಮಾಡಿದಳು. ಮರುದಿನದ ಫೋಟೊ ಅವಳಿಗೆ ಬಂತು, ಹಿಂದಿನ ದಿನದ್ದು ಬರಲಿಲ್ಲ. ಚಂದಾ ಕಟ್ಟುವ ಮುಂಚಿನ ಪೇಪರ್ ಮನೆಗೆ ಬರಲ್ಲ ಅಲ್ವಾ? ಆ ಹಳೆಯ ಪೋಸ್ಟಿನ ಲಿಂಕನ್ನೇ ಅದೇ ಜಾಗದಲ್ಲಿ ಹಾಕಿದಾಗ ಅದೂ ತೆರೆದುಕೊಂಡಿತು.

ಆದ್ದರಿಂದ ಸರ್ವರ್ ಆರಿಸುವಾಗ ಅಲ್ಲಿನ ಜನ ಯಾರನ್ನು ಫಾಲೋ ಮಾಡುತ್ತಾರೆ ಅನ್ನುವುದೇ ಮುಖ್ಯ. ನನ್ನ ಉಪಾಯ ಇದು: ನಿಮಗೆ ಇಷ್ಟವಾದ ಮೂರು ಟ್ಯಾಗ್ ಬರೆದುಕೊಳ್ಳಿ. ನನ್ನವು ಕನ್ನಡ, ಕಾಫಿ, ಹಕ್ಕಿ. ಎಷ್ಟೋ ಸರ್ವರ್‌ಗಳಲ್ಲಿ ಲಾಗಿನ್ ಆಗದೆಯೇ ಟ್ಯಾಗ್ ಪುಟ ನೋಡಬಹುದು. ಅದೇ ಮೂರನ್ನು ನಾಲ್ಕೈದು ಕಡೆ ತೆರೆದು ಹೋಲಿಸಿ. ಎಲ್ಲಿ ಹೊಸ ಪೋಸ್ಟ್ ಜಾಸ್ತಿ ಇದೆಯೋ ಅಲ್ಲಿ ನಿಮ್ಮಂಥವರು ಆಗಲೇ ಇದ್ದಾರೆ. ಪುಟ್ಟ ಸರ್ವರ್ ಇಷ್ಟವಾದರೆ ಸೇರಿ, ಆದರೆ ಮೊದಲ ವಾರವೇ ಮೂವತ್ತು ನಲವತ್ತು ಜನರನ್ನು ನೀವೇ ಹುಡುಕಿ ಫಾಲೋ ಮಾಡಿ.

ನಿಯಮಗಳ ಪುಟವನ್ನೂ ಓದಿ. ಮಾಸ್ಟೊಡಾನ್‌ನ ಅಧಿಕೃತ ಪಟ್ಟಿಯಲ್ಲಿರುವ ಸರ್ವರ್‌ಗಳು ದಿನಾ ಬ್ಯಾಕಪ್ ತೆಗೆಯುತ್ತೇವೆ, ಮುಚ್ಚುವುದಾದರೆ 3 ತಿಂಗಳು ಮೊದಲೇ ಹೇಳುತ್ತೇವೆ ಎಂದು ಒಪ್ಪಿಕೊಂಡಿರುತ್ತವೆ.

ಸೇರಿದ ಮೇಲೆ ಬೇರೆ ಕಡೆ ಹೋಗಲೂಬಹುದು. ಫಾಲೋವರ್‌ಗಳು ತಾವಾಗಿ ಹೊಸ ಖಾತೆಗೆ ಬರುತ್ತಾರೆ. ನೀವು ಫಾಲೋ ಮಾಡುವವರ ಪಟ್ಟಿಯನ್ನು ಇಳಿಸಿಕೊಂಡು ಹೊಸ ಕಡೆ ಏರಿಸಬೇಕು. ಪೋಸ್ಟ್‌ಗಳು ಮಾತ್ರ ಹಳೆಯ ಸರ್ವರ್‌ನಲ್ಲೇ ಉಳಿಯುತ್ತವೆ.