ಕರಾರಿನ ಒಳಗಿನವರು, ಹೊರಗಿನವರು

ಬಿಸಿಲಿನಿಂದ ಇಷ್ಟೊಂದು ವಿದ್ಯುತ್ ಬರುತ್ತಿರುವಾಗ ರಾಯಚೂರಿನ ಚಿಮಣಿಗಳು ಏಕೆ ಹೊಗೆಯಾಡುತ್ತಿವೆ, ಕರೆಂಟ್ ಬಿಲ್ ಏಕೆ ಇಳಿಯುತ್ತಿಲ್ಲ ಎಂದು ಅನೇಕರು ಕೇಳುತ್ತಾರೆ. ಉತ್ತರ ಹಳೆಯ ಕರಾರುಗಳಲ್ಲಿದೆ.

1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೋಲಾರದ ಚಿನ್ನದ ಗಣಿ ಮುಟ್ಟಿತು. 1964ರಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಮಳೆ ಕೈಕೊಟ್ಟರೆ ಕತ್ತಲೆಯೇ ಗತಿ ಎಂಬುದು ಅರಿವಾಗಿ, 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಉರಿಯಿತು. ಅದೇ ಮುಂದೆ ಎಂಟು ಘಟಕಗಳಾಗಿ 1,720 ಮೆಗಾವಾಟ್‌ಗೆ ಬೆಳೆಯಿತು.

ಆಮೇಲೆ ಬಂದದ್ದು ಪಾವಗಡದ ಸೌರ ವಿದ್ಯುತ್. ತುಮಕೂರು ಜಿಲ್ಲೆಯ ಈ ತಾಲ್ಲೂಕಿಗೆ ಬರ ಹೊಸದಲ್ಲ. ಕೊಳವೆಬಾವಿ ಕೊರೆದರೂ ಸಿಗುವುದು ಫ್ಲೋರೈಡ್ ನೀರು. ತಿರುಮಣಿ, ವಳ್ಳೂರು ಸುತ್ತಲಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ರೂಪುಗೊಂಡಿತು; ಅದರ ಮೊದಲ ಹಂತ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಇಲ್ಲಿ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಖರೀದಿಸಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆಯೊಂದಿಗೆ, ಗುತ್ತಿಗೆಗೆ ಪಡೆದರು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಸೋತಿದ್ದ ರೈತನಿಗೆ ಇದು ನಿಜಕ್ಕೂ ಆಸರೆ. ದೇಶ ಇದನ್ನು ಮಾದರಿ ಎಂದದ್ದರಲ್ಲಿ ತಪ್ಪಿಲ್ಲ.

ಆದರೆ ಪಹಣಿಯಲ್ಲಿ ಹೆಸರಿದ್ದವರಿಗಷ್ಟೇ ಗುತ್ತಿಗೆ ಹಣ. ಅದೇ ಹೊಲದಲ್ಲಿ ಕಳೆ ತೆಗೆದು, ಕಡಲೆಕಾಯಿ ಬಿಡಿಸಿ ದಿನಗೂಲಿ ಪಡೆಯುತ್ತಿದ್ದ ಹೆಂಗಸರ ಹೆಸರು ಯಾವ ಪಹಣಿಯಲ್ಲಿದೆ? ಕೊಯ್ಲಾದ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ತಂತಿಬೇಲಿ ಅಡ್ಡ ಬಂತು. ಫಲಕಗಳ ಧೂಳು ಒರೆಸುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಸಿಕ್ಕಿತು. ಅದು ಕೆಲವರಿಗೆ ಮಾತ್ರ.

ಶಕ್ತಿನಗರದ್ದೂ ಇದೇ ಲೆಕ್ಕ. ಖರೀದಿ ಒಪ್ಪಂದದ ಪ್ರಕಾರ ಉಷ್ಣ ಸ್ಥಾವರ ಉತ್ಪಾದನೆಗೆ ಸಿದ್ಧವಾಗಿದ್ದರೆ ಸಾಕು, ವಿದ್ಯುತ್ ಕೊಳ್ಳದಿದ್ದರೂ ವಿತರಣಾ ಕಂಪನಿಗಳು ಅದಕ್ಕೆ ನಿಗದಿತ ಶುಲ್ಕ ಕಟ್ಟಬೇಕು. ನಮ್ಮ ಬಿಲ್ಲಿನಲ್ಲಿ ಅದರ ಭಾರವೂ ಇದೆ. ಹಗಲು ಸೌರ ವಿದ್ಯುತ್ ಹರಿದುಬಂದಾಗ ಉತ್ಪಾದನೆ ತಗ್ಗಿಸಿ, ಹೊತ್ತು ಮುಳುಗಿದೊಡನೆ ಏರಿಸುವ ಈ ಆಟಕ್ಕೆ ಹಳೆಯ ಬಾಯ್ಲರುಗಳನ್ನು ಕಟ್ಟಿದ್ದಲ್ಲ. ಅವು ಬೇಗ ಸವೆಯುತ್ತವೆ. ಒಪ್ಪಂದ ಬಂಡವಾಳವನ್ನು ಕಾಯುತ್ತದೆ. ಬೂದಿ ಲಾರಿ ತುಂಬುವ ಗುತ್ತಿಗೆ ಕಾರ್ಮಿಕನನ್ನು ಕಾಯುವ ಅಂಥ ಸಾಲು ಅದರಲ್ಲಿಲ್ಲ.

ಕಲ್ಲಿದ್ದಲನ್ನು ಇಂದೇ ಬಿಡಲಾಗದು ಎಂಬುದನ್ನು 2023ರ ಬರ ತೋರಿಸಿತು. ಜಲಾಶಯ ಬತ್ತಿತು, ಪಂಪ್‌ಸೆಟ್‌ಗಳ ಬೇಡಿಕೆ ಏರಿತು. ಖಾಸಗಿ ಉತ್ಪಾದಕರು ರಾಜ್ಯಕ್ಕೇ ವಿದ್ಯುತ್ ಕೊಡಬೇಕೆಂದು ಸರ್ಕಾರ ಅಕ್ಟೋಬರ್‌ನಲ್ಲಿ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿತು.

ಹಗಲಿನ ಬಿಸಿಲನ್ನು ಸಂಜೆಗೆ ಉಳಿಸಲು ಈಗ ಕಣ್ಣು ಮತ್ತೆ ಶರಾವತಿಯ ಮೇಲೆ ಬಿದ್ದಿದೆ: ಕೆಳಗಿನ ಗೇರುಸೊಪ್ಪ ಜಲಾಶಯದಿಂದ ಮೇಲಿನ ತಲಕಳಲೆ ಜಲಾಶಯಕ್ಕೆ ನೀರೆತ್ತಿ, ಬೇಕಾದಾಗ ಕೆಳಗೆ ಬಿಡುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ. ಅದು ಸಿಂಗಳೀಕಗಳ ಕಾಡು. ಅದೇ ಕಣಿವೆಯ ಮೇಲ್ಭಾಗದಲ್ಲಿ, ಲಿಂಗನಮಕ್ಕಿಗಾಗಿ ಮನೆ, ತೋಟ ಮುಳುಗಿಸಿಕೊಂಡವರ ಮಕ್ಕಳು, ಮೊಮ್ಮಕ್ಕಳು ಆರು ದಶಕಗಳ ನಂತರವೂ ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಅಲೆಯುತ್ತಿದ್ದಾರೆ.