ಓದುಗರ ಪ್ರಶ್ನೆ: ಪ್ರೆಶರ್‌ಲೆಸ್ ಟೆನಿಸ್ ಬಾಲ್ ತಗೊಳ್ಳಬಹುದಾ?

ಪ್ರಶ್ನೆ: ವಿಜಯಪುರದಲ್ಲಿ ನಾವು ನಾಲ್ಕು ಜನ ವಾರಕ್ಕೆ ಮೂರು ದಿನ ಬೆಳಿಗ್ಗೆ ಟೆನಿಸ್ ಆಡ್ತೀವಿ. ಡಬ್ಬಿ ಒಡೆದು ಹದಿನೈದು ದಿನ ಆಗೋದರೊಳಗೆ ಬಾಲ್ ಪುಟಿಯೋದೇ ಇಲ್ಲ. ಅಂಗಡಿಯವರು "ಪ್ರೆಶರ್‌ಲೆಸ್ ತಗೋರಿ, ಭಾಳ ದಿನ ಬರ್ತಾವು" ಅಂತಾರೆ. ತಗೊಳ್ಳಬಹುದಾ? ಒಂಬತ್ತು ವರ್ಷದ ಮಗನೂ ಕಲೀತಿದ್ದಾನೆ. ಅವನಿಗೂ ಅದೇ ನಡೆಯುತ್ತಾ?

ಉತ್ತರ: ಅಭ್ಯಾಸಕ್ಕೆ ಧಾರಾಳವಾಗಿ ತಗೊಳ್ಳಿ. ಪಾಯಿಂಟ್ ಎಣಿಸಿ ಆಡುವ ದಿನಕ್ಕೆ ಒಂದು ಡಬ್ಬಿ ಮಾಮೂಲಿ ಬಾಲ್ ಬೇರೆ ಇಟ್ಟುಕೊಳ್ಳಿ. ಮಗನಿಗೆ ಇವೆರಡೂ ಬೇಡ, ಅದನ್ನು ಕೊನೆಗೆ ಹೇಳುತ್ತೇನೆ.

ಡಬ್ಬಿಯ ಮುಚ್ಚಳ ಎಳೆದಾಗ "ಟುಸ್" ಅಂತ ಸದ್ದು ಬರುತ್ತದೆ ಅಲ್ವಾ? ಒಳಗೆ ಒತ್ತಿ ತುಂಬಿದ್ದ ಗಾಳಿ ಅದು. ಮಾಮೂಲಿ ಬಾಲಿನ ಹೊಟ್ಟೆಯಲ್ಲಿ ಹೊರಗಿಗಿಂತ ಸುಮಾರು 12 ಪಿಎಸ್‌ಐ ಜಾಸ್ತಿ ಒತ್ತಡ ಇರುತ್ತದೆ. ಡಬ್ಬಿಯೊಳಗೂ ಒತ್ತಡ ಇರುವವರೆಗೆ ಬಾಲಿನ ಗಾಳಿ ಎಲ್ಲಿಗೂ ಹೋಗುವುದಿಲ್ಲ. ಮುಚ್ಚಳ ತೆಗೆದ ಗಳಿಗೆಯಿಂದ ರಬ್ಬರಿನ ಮೂಲಕ ಸ್ವಲ್ಪ ಸ್ವಲ್ಪವೇ ಸೋರತೊಡಗುತ್ತದೆ. ಆಡಿದರೂ ಅಷ್ಟೇ, ಸುಮ್ನೆ ಕಪಾಟಿನಲ್ಲಿ ಇಟ್ಟರೂ ಅಷ್ಟೇ. ಎರಡರಿಂದ ನಾಲ್ಕು ವಾರದಲ್ಲಿ ಬಾಲ್ ಡೆಡ್. ಬಿಸಿಗೆ ಗಾಳಿ ಇನ್ನೂ ಬೇಗ ಸೋರುತ್ತದೆ. ಹಾಗಾಗಿ ನಿಮ್ಮ ಹದಿನೈದು ದಿನದ ಲೆಕ್ಕ ನನಗೆ ಆಶ್ಚರ್ಯ ತರಲಿಲ್ಲ.

ಪ್ರೆಶರ್‌ಲೆಸ್ ಬಾಲ್ ಅಂದರೆ ಗಟ್ಟಿ ರಬ್ಬರ್ ಉಂಡೆ ಅಂತ ಬಹಳ ಜನ ತಿಳಿದಿದ್ದಾರೆ. ಅದೂ ಟೊಳ್ಳೇ. ಆದರೆ ರಬ್ಬರ್ ದಪ್ಪ, ಒಳಗಿನ ಗಾಳಿಯ ಒತ್ತಡ ಹೊರಗಿನಷ್ಟೇ. ಪುಟಿತವೆಲ್ಲ ರಬ್ಬರಿನಿಂದಲೇ ಬರುತ್ತದೆ. ಸೋರಿ ಹೋಗುವಂಥದ್ದು ಒಳಗೆ ಏನೂ ಇಲ್ಲ. ಅದಕ್ಕೇ ಇವು ಸಾಮಾನ್ಯವಾಗಿ ಬಲೆಯ ಚೀಲದಲ್ಲೋ ಬಕೆಟ್ಟಿನಲ್ಲೋ ಬರುತ್ತವೆ.

ನಾನು ಬೆಳಗಾವಿಯ ಟಿಳಕವಾಡಿಯಲ್ಲಿ ಗೋಡೆಗೆ ಹೊಡೆದು ಅಭ್ಯಾಸ ಮಾಡುವವನು. ಮೊದಲ ಸಲ ಖಡೇಬಜಾರಿನಿಂದ ಒಂದು ಡಜನ್ ಪ್ರೆಶರ್‌ಲೆಸ್ ತಂದಾಗ ಅಂಗಡಿಯವರು "ಹೊಡದಷ್ಟೂ ಪುಟೀತಾವ್ರಿ ಸರ್" ಅಂದಿದ್ದರು. ಮಾತು ನಿಜ. ಮೊದಲ ವಾರ ಬಾಲ್ ರ‍್ಯಾಕೆಟ್ಟಿಗೆ ಕಟ್ಟಿಗೆಯ ಹಾಗೆ ಬಡಿಯಿತು. ಎರಡು ತಿಂಗಳಾದ ಮೇಲೆ ಸಲೀಸಾಗಿ ಪುಟಿಯಿತು. ಆರನೇ ತಿಂಗಳಿಗೆ ಗೋಡೆಯಿಂದ ಎದೆ ಮೇಲೇ ಹಾರಿ ಬರತೊಡಗಿತು. ಕೈಗೆ ತಗೊಂಡು ನೋಡಿದರೆ ಮೇಲಿನ ಹಳದಿ ನಾರು ಸವೆದು, ಅಲ್ಲಲ್ಲಿ ಕರಿ ರಬ್ಬರ್ ಕಾಣುತ್ತಿತ್ತು. ನಾರು ಹೋದ ಹಾಗೆ ಬಾಲ್ ಹಗುರಾಗುತ್ತದೆ, ಗಾಳಿಯಲ್ಲಿ ತಡೆಯೂ ಕಡಿಮೆ. ತಂತಿಗೆ ಹಿಡಿತ ಸಿಗುವುದಿಲ್ಲ, ಸ್ಪಿನ್ ಕೂರುವುದಿಲ್ಲ. ಅಂಥ ಬಾಲಿನಲ್ಲಿ ರೂಢಿಯಾದ ಟಾಪ್‌ಸ್ಪಿನ್ (ಬಾಲ್ ಮುಂದಕ್ಕೆ ಉರುಳುವ ಹಾಗೆ ತಿರುಗಿಸುವ ಹೊಡೆತ) ಹೊಸ ಬಾಲ್ ಬಂದ ದಿನ ನೆಟ್ಟಿಗೆ ಹೋಗಿ ಬೀಳುತ್ತದೆ. ನನಗೆ ಹಾಗೇ ಆಯಿತು. ಅದಕ್ಕೆ ಇದರ ಆಯಸ್ಸನ್ನು ಪುಟಿತ ನೋಡಿ ಅಳೆಯಬೇಡಿ, ನಾರು ನೋಡಿ ಅಳೆಯಿರಿ. ಬೋಳಾದರೆ ಬುಟ್ಟಿಯಿಂದ ತೆಗೆಯಿರಿ. ಸಿಮೆಂಟ್ ಕೋರ್ಟಿನಲ್ಲಿ ಇದು ಬೇಗ ಆಗುತ್ತದೆ, ವರ್ಷಗಟ್ಟಲೆ ಬರುತ್ತದೆ ಎಂದು ಲೆಕ್ಕ ಹಾಕಬೇಡಿ.

ಇನ್ನೊಂದು ಮಾತು ಮೊಣಕೈಯದು. ಈ ಬಾಲ್ ಬಿರುಸು, ಪೆಟ್ಟು ತೋಳಿಗೆ ಜಾಸ್ತಿ ಬರುತ್ತದೆ. ದಿನಾ ಒಂದು ತಾಸು ಗೋಡೆಗೆ ಹೊಡೆದು ಮೂರು ವಾರಕ್ಕೆ ನನಗೆ ಚಹಾದ ಕಪ್ ಎತ್ತುವಾಗ ಮೊಣಕೈಯ ಹೊರಬದಿ ಚುಚ್ಚತೊಡಗಿತು. ತಂತಿಯ ಬಿಗಿ 55 ಪೌಂಡಿನಿಂದ 50ಕ್ಕೆ ಇಳಿಸಿದೆ, ಗೋಡೆಯ ಆಟ ಅರ್ಧ ತಾಸಿಗೆ ತಂದೆ. ಕಡಿಮೆಯಾಯಿತು. ನಿಮ್ಮಲ್ಲಿ ಯಾರಿಗಾದರೂ ಮೊದಲೇ ಮೊಣಕೈ ನೋವಿದ್ದರೆ ಅವರು ಮಾಮೂಲಿ ಬಾಲಿನಲ್ಲೇ ಆಡಲಿ.

ಅಂಗಡಿಯಲ್ಲಿ ಸುಮ್ನೆ "ಟೆನಿಸ್ ಬಾಲ್ ಕೊಡ್ರಿ" ಅಂದರೆ ನಮ್ಮ ಕಡೆ ಮೊದಲು ಕೈಗೆ ಬರುವುದು ಕ್ರಿಕೆಟ್ಟಿನ ಟೆನಿಸ್ ಬಾಲ್. ಅದು ಬೇರೆ ಸಾಮಾನು. ಅದರಲ್ಲೇ ಭಾರದ್ದಾದ ಹೆವಿ ಬಾಲ್ ಅಂತೂ ರ‍್ಯಾಕೆಟ್ಟಿಗೆ ಮುಟ್ಟಿಸಲೇಬೇಡಿ, ತಂತಿಗೂ ತೋಳಿಗೂ ಕೇಡು. ನಿಯಮದ ಟೆನಿಸ್ ಬಾಲ್ 56ರಿಂದ 59.4 ಗ್ರಾಂ ತೂಗಬೇಕು. ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ ಒಪ್ಪಿದ ಬಾಲ್ ಅಂತ ಬರೆದಿದ್ದರೆ ನಿಶ್ಚಿಂತೆ. ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿ ಒಂದನ್ನು ಇಟ್ಟು ನೋಡಿ. ಪುಟಿತದ ಪರೀಕ್ಷೆಯೂ ಸುಲಭ. ಗೋಡೆಯ ಮೇಲೆ 100 ಇಂಚಿಗೆ ಒಂದು ಗೆರೆ ಎಳೆದು, ಅಲ್ಲಿಂದ ಸಿಮೆಂಟ್ ನೆಲಕ್ಕೆ ಬಾಲ್ ಬಿಡಿ. 53ರಿಂದ 58 ಇಂಚು ಮೇಲೆ ಬಂದರೆ ಸರಿ. ಹೊಸ ಪ್ರೆಶರ್‌ಲೆಸ್ ಒಂದಿಷ್ಟು ಕಡಿಮೆ ಬಂದರೆ ಚಿಂತೆ ಬೇಡ, ಆಡುತ್ತಾ ಏರುತ್ತದೆ. ಎರಡು ಬ್ರ್ಯಾಂಡ್ ಒಂದೇ ದರಕ್ಕಿದ್ದರೆ ನಾರು ದಟ್ಟವಾಗಿರುವುದನ್ನು ಆರಿಸಿ.

"ನಮ್ಮೂರು ಎತ್ತರದಲ್ಲಿದೆ, ಅದಕ್ಕೆ ಪ್ರೆಶರ್‌ಲೆಸ್ಸೇ ಬೇಕು" ಅಂತಲೂ ಕೆಲವರು ಹೇಳುತ್ತಾರೆ. ಎತ್ತರದ ಊರುಗಳ ಬಾಲಿಗೆ ಬೇರೆ ನಿಯಮ ಇರುವುದು ನಿಜ. ಆದರೆ ಅದು ಸಮುದ್ರಮಟ್ಟದಿಂದ 1219 ಮೀಟರಿಗಿಂತ ಮೇಲಿನ ಮಾತು. ಬೆಳಗಾವಿ ಸುಮಾರು 750 ಮೀಟರ್, ವಿಜಯಪುರ ಅದಕ್ಕಿಂತ ಕೆಳಗೆ. ನಮಗದು ಸಂಬಂಧವಿಲ್ಲ.

ಬುಟ್ಟಿಯಲ್ಲಿ ಎರಡೂ ಜಾತಿ ಬೆರೆಸಬೇಡಿ. ಒಂದು ಬಾಲ್ ಸೊಂಟಕ್ಕೆ, ಮುಂದಿನದು ಭುಜಕ್ಕೆ ಬಂದರೆ ಹೊಡೆತದ ಸಮಯವೇ ಕೂರುವುದಿಲ್ಲ. ಮಳೆಯಲ್ಲಿ ನೆನೆದ ಬಾಲ್ ಒಣಗುವವರೆಗೆ ಮುಟ್ಟಬೇಡಿ, ನೀರು ಕುಡಿದ ನಾರು ಕಲ್ಲಿನಷ್ಟು ಭಾರ.

ಈಗ ಮಗನ ವಿಷಯ. ಒಂಬತ್ತು ವರ್ಷದ ಹುಡುಗನಿಗೆ ದೊಡ್ಡವರ ಬಾಲ್ ತಲೆ ಮೇಲೆ ಹಾರುತ್ತದೆ. ಅವನು ಹಿಂದೆ ಹಿಂದೆ ಓಡುತ್ತಾ, ರ‍್ಯಾಕೆಟ್ಟನ್ನು ಕಿವಿಯ ಮಟ್ಟಕ್ಕೆ ಎತ್ತಿ ಹೊಡೆಯುವುದನ್ನೇ ಕಲಿಯುತ್ತಾನೆ. ಮಕ್ಕಳಿಗೆಂದೇ ಕೆಂಪು, ಕಿತ್ತಳೆ, ಹಸಿರು ಗುರುತಿನ ಬಾಲ್ ಇವೆ. ಕೆಂಪು ಎಲ್ಲಕ್ಕಿಂತ ನಿಧಾನ, ಎಂಟರೊಳಗಿನವರಿಗೆ. ಕಿತ್ತಳೆ ಮಾಮೂಲಿ ಬಾಲಿಗಿಂತ ಸುಮಾರು 50 ಪ್ರತಿಶತ ನಿಧಾನ, ಹಸಿರು 25 ಪ್ರತಿಶತ. ನಿಮ್ಮ ಮಗನಿಗೆ ಈಗ ಕಿತ್ತಳೆ ಕೊಡಿಸಿ. ಚಿಕ್ಕ ಅಂಕಣದಲ್ಲಿ, ಬಾಲ್ ಸೊಂಟದ ಮಟ್ಟದಲ್ಲಿ ಬರುವಾಗ, ಹತ್ತು ಸಲ ಸತತವಾಗಿ ನೆಟ್ ದಾಟಿಸುವಷ್ಟಾದ ಮೇಲೆ ಹಸಿರಿಗೆ ಹೋಗಿ.